ಸಾಕ್ಷಿ ಯಾರು? ಮದುವೆಯಾಗದೆ ಜೊತೆಗಿರುವವರ ಬಗ್ಗೆ

(ಹಾಸನದಲ್ಲಿ ಗೆಳೆಯರ ಓದುಬಳಗದ ಎದುರು ಮಾತಾಡಿದ್ದನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಆಡಿದ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯ ಎತ್ತಿದ ಕೂಡಲೇ ಮಾತು ಎರಡು ಪಾಲಾಗುತ್ತದೆ. 'ಇದು ನಮ್ಮ ಸಂಸ್ಕೃತಿ ಅಲ್ಲ, ಹೊರಗಿನಿಂದ ಬಂದ ಚಾಳಿ' ಅನ್ನುವವರು ಒಂದು ಕಡೆ. 'ಅವರವರ ಇಷ್ಟ, ನಿಮಗ್ಯಾಕೆ' ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಅವಸರದ ಮಾತು ಅನ್ನಿಸುತ್ತದೆ. ಮೊದಲಿನವರು ನಮ್ಮ ಸಂಸ್ಕೃತಿಯೊಳಗೆ ಏನೇನಿದೆ ಅಂತ ಪೂರ್ತಿ ನೋಡಿಲ್ಲ. ಎರಡನೆಯವರು ಸಂಬಂಧ ಮುರಿದ ಮೇಲೆ ಯಾರ ಬದುಕು ಬೀದಿಗೆ ಬರುತ್ತದೆ ಅಂತ ನೋಡಿಲ್ಲ. ನಾನು ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವವಳು. ನನ್ನ ಟೇಬಲ್ ಮುಂದೆ ಕೂರುವವರು ಸಾಮಾನ್ಯವಾಗಿ ಮುರಿದ ಮೇಲೆ ಬಂದವರೇ. ಹಾಗಾಗಿ ನನ್ನ ಮಾತು ಸ್ವಲ್ಪ ಆ ಕಡೆ ವಾಲುತ್ತದೆ, ಇರಲಿ.

ಪುರಾಣದಿಂದಲೇ ಶುರು ಮಾಡೋಣ. ವಾದ ಮಾಡುವವರು ಅಲ್ಲಿಗೇ ಹೋಗುತ್ತಾರಲ್ಲ.

ಮಹಾಭಾರತದ ಆದಿಪರ್ವದಲ್ಲಿ ಪಾಂಡು ಕುಂತಿಗೆ ಒಂದು ಕತೆ ಹೇಳುತ್ತಾನೆ. ಉದ್ದಾಲಕ ಋಷಿಯ ಎದುರಿಗೇ ಒಬ್ಬ ಬ್ರಾಹ್ಮಣ ಬಂದು ಅವನ ಹೆಂಡತಿಯ ಕೈ ಹಿಡಿದು 'ಹೋಗೋಣ ಬಾ' ಅನ್ನುತ್ತಾನೆ. ಮಗ ಶ್ವೇತಕೇತುವಿಗೆ ಸಿಟ್ಟು ಬರುತ್ತದೆ. ಅಪ್ಪ ಮಗನನ್ನು ಸಮಾಧಾನ ಮಾಡುತ್ತಾನೆ: ಸಿಟ್ಟಾಗಬೇಡ, ಇದು ಹಿಂದಿನಿಂದ ನಡೆದು ಬಂದ ಧರ್ಮ. ಮಗ ಒಪ್ಪುವುದಿಲ್ಲ. ಇನ್ನು ಮುಂದೆ ಗಂಡಿಗೂ ಹೆಣ್ಣಿಗೂ ಇಬ್ಬರಿಗೂ ಕಟ್ಟು ಅಂತ ನಿಯಮ ಹಾಕುತ್ತಾನೆ. ಅಂದರೆ ಮದುವೆ ಅನ್ನುವುದು ಯಾವುದೋ ಒಂದು ಕಾಲದಲ್ಲಿ ಮನುಷ್ಯರೇ ಹಾಕಿಕೊಂಡ ಕಟ್ಟು ಅಂತ ನಮ್ಮ ಮಹಾಕಾವ್ಯವೇ ಹೇಳುತ್ತಿದೆ. ಇನ್ನೊಂದು ಗಮನಿಸಿ. ಆ ತಾಯಿಗೆ ಇಷ್ಟವಿತ್ತೋ ಇಲ್ಲವೋ ಅಂತ ಕತೆಯಲ್ಲಿ ಯಾರೂ ಕೇಳುವುದಿಲ್ಲ.

ಮನುಸ್ಮೃತಿ ಎಂಟು ಬಗೆಯ ಮದುವೆ ಹೇಳುತ್ತದೆ. ಅದರಲ್ಲಿ ಗಾಂಧರ್ವವೂ ಒಂದು. ಹುಡುಗ ಹುಡುಗಿ ಮೆಚ್ಚಿ ಕೂಡಿದರೆ ಅದೇ ಮದುವೆ. ಪುರೋಹಿತರಿಲ್ಲ, ಅಪ್ಪ ಅಮ್ಮ ಧಾರೆ ಎರೆಯಬೇಕಾಗಿಲ್ಲ. ಇದನ್ನು ಹಿಡಿದು 'ನೋಡಿ, ಲಿವ್ ಇನ್ ನಮ್ಮಲ್ಲೇ ಇತ್ತು' ಅಂತ ಹೇಳುವವರಿದ್ದಾರೆ. ನಾನು ಅಷ್ಟು ಸಲೀಸಾಗಿ ಹೇಳಲಾರೆ, ಯಾಕಂದ್ರೆ ಗಾಂಧರ್ವದ ಕಷ್ಟ ಏನು ಅಂತಲೂ ಅದೇ ಮಹಾಭಾರತ ತೋರಿಸಿದೆ. ಶಕುಂತಲೆಯ ಕತೆ ನಮಗೆಲ್ಲ ಗೊತ್ತಿರುವುದು ಉಂಗುರ, ಶಾಪ, ಮರೆವು ಇವುಗಳ ಜೊತೆಗೆ. ವ್ಯಾಸರ ಕತೆಯಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಕಣ್ವರ ಆಶ್ರಮದಲ್ಲಿ ಶಕುಂತಲೆ ಮೊದಲೇ ಕರಾರು ಹಾಕುತ್ತಾಳೆ, ನನಗೆ ಹುಟ್ಟುವ ಮಗನೇ ಯುವರಾಜ ಆಗಬೇಕು ಅಂತ. ದುಷ್ಯಂತ ಒಪ್ಪುತ್ತಾನೆ, ಹೋಗುತ್ತಾನೆ. ವರ್ಷಗಳ ಮೇಲೆ ಮಗನನ್ನು ಕರೆದುಕೊಂಡು ಆಸ್ಥಾನಕ್ಕೆ ಬಂದರೆ, ಅವನಿಗೆ ಎಲ್ಲ ನೆನಪಿದೆ, ಆದರೂ 'ನೀನು ಯಾರು, ನನಗೆ ಗೊತ್ತಿಲ್ಲ' ಅನ್ನುತ್ತಾನೆ. ತುಂಬಿದ ಸಭೆಯಲ್ಲಿ ಅವಳ ಗುಣವನ್ನೇ ಹೀಗಳೆಯುತ್ತಾನೆ. ಆಕಾಶವಾಣಿ ಆದಮೇಲೆ ಒಪ್ಪಿಕೊಂಡು ಕಾರಣ ಹೇಳುತ್ತಾನೆ: ಬರೀ ನಿನ್ನ ಮಾತು ಕೇಳಿ ಒಪ್ಪಿದ್ದರೆ ಜನ ಅನುಮಾನ ಪಡುತ್ತಿದ್ದರು.

ಶಕುಂತಲೆಗೆ ಆಕಾಶವಾಣಿ ಸಿಕ್ಕಿತು. ನನ್ನ ಟೇಬಲ್ ಮುಂದೆ ಕೂರುವ ಹೆಣ್ಣುಮಕ್ಕಳಿಗೆ ಸಿಗುವುದಿಲ್ಲ. ಸಂಬಂಧಕ್ಕೆ ಸಾಕ್ಷಿ ಯಾರು, ಗಂಡು 'ನನಗೆ ಗೊತ್ತಿಲ್ಲ' ಅಂದರೆ ಯಾರ ಹತ್ತಿರ ಹೋಗಬೇಕು? ಇಡೀ ಚರ್ಚೆಯ ಗಂಟು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಬೇರೆ ಧರ್ಮಗಳಲ್ಲೂ ಇದೇ ಗಂಟು. ಕ್ಯಾಥೊಲಿಕ್ ಚರ್ಚಿನಲ್ಲಿ ಮದುವೆ ಪವಿತ್ರ ಸಂಸ್ಕಾರ, ಅದಿಲ್ಲದೆ ಜೊತೆಗಿರುವುದು ಪಾಪ ಅನ್ನುವುದು ಇವತ್ತಿಗೂ ಅದರ ಬೋಧನೆ. ಆದರೆ 16ನೇ ಶತಮಾನದವರೆಗೆ ಗಂಡು ಹೆಣ್ಣು ಪರಸ್ಪರ ಒಪ್ಪಿ ಮಾತು ಕೊಟ್ಟರೆ ಸಾಕು, ಪಾದ್ರಿ ಇಲ್ಲದಿದ್ದರೂ ಮದುವೆ ಊರ್ಜಿತ ಅಂತ ಚರ್ಚೇ ಒಪ್ಪುತ್ತಿತ್ತು. 1563ರಲ್ಲಿ ಟ್ರೆಂಟ್ ಧರ್ಮಸಭೆ ಇದನ್ನು ಬದಲಾಯಿಸಿತು. ಊರಿನ ಪಾದ್ರಿ ಇರಬೇಕು, ಇಬ್ಬರೋ ಮೂವರೋ ಸಾಕ್ಷಿ ಇರಬೇಕು. ಯಾಕೆ ಅಂದರೆ ಗಂಡಸರು ಗುಟ್ಟಾಗಿ ಒಬ್ಬಳನ್ನು ಮದುವೆಯಾಗಿ, ಆಮೇಲೆ ಅವಳನ್ನು ಬಿಟ್ಟು ಎಲ್ಲರೆದುರು ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಿದ್ದರು. ದುಷ್ಯಂತನ ಕತೆಯೇ ಅಲ್ವಾ ಇದು?

ಇಸ್ಲಾಮಿನಲ್ಲಿ ನಿಕಾಹ್ ಅಂದರೆ ಒಂದು ಕರಾರು. ಎರಡೂ ಕಡೆ ಒಪ್ಪಿಗೆ ಬೇಕು, ಸಾಕ್ಷಿಗಳು ಬೇಕು, ಹೆಣ್ಣಿಗೆ ಗಂಡು ಕೊಡಬೇಕಾದ ಮೆಹರ್ ನಿಗದಿಯಾಗಬೇಕು. ನಿಕಾಹ್ ಇಲ್ಲದ ಸಂಬಂಧ ಝಿನಾ, ಅದರ ಹತ್ತಿರವೂ ಹೋಗಬೇಡಿ ಅಂತ ಕುರಾನಿನಲ್ಲೇ ಇದೆ. ಶಿಯಾಗಳಲ್ಲಿ ಇಷ್ಟೇ ಅವಧಿಗೆ ಅಂತ ಗೊತ್ತುಮಾಡಿಕೊಳ್ಳುವ ಮುತಾ ಮದುವೆಯೂ ಉಂಟು. ಸುನ್ನಿಗಳು ಅದನ್ನು ಒಪ್ಪುವುದಿಲ್ಲ. ಮುತಾದಲ್ಲೂ ಮೆಹರ್ ತಪ್ಪುವುದಿಲ್ಲ, ಹುಟ್ಟಿದ ಮಗು ಅಪ್ಪನದೇ.

ಹಿರಿಯರು ಧರ್ಮದ ಹೆಸರಿನಲ್ಲಿ ಬೇಡ ಅಂದಾಗ ಅದರೊಳಗೆ ಬರೀ ದಬ್ಬಾಳಿಕೆ ಇದೆ ಅಂತ ನಾನು ತಿಳಿಯುವುದಿಲ್ಲ. ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲಿ, ಮಗು ಆದರೆ ನನ್ನದಲ್ಲ ಅನ್ನದಿರಲಿ, ಕಾಯಿಲೆ ಬಿದ್ದಾಗ ಬಿಟ್ಟು ಓಡದಿರಲಿ ಅನ್ನುವ ಕಾಳಜಿ ಅಲ್ಲಿದೆ. ಅದು ನ್ಯಾಯವಾದ ಕಾಳಜಿ.

ಆದರೆ ಸಮಾಜದ ನಡೆ ನೋಡಿದರೆ ಕತೆ ಬೇರೆ. ನಮ್ಮ ಸಮಾಜ ಮದುವೆಯಿಲ್ಲದ ಸಂಬಂಧವನ್ನು ಯಾವತ್ತೂ ಸಹಿಸಿಲ್ಲ ಅನ್ನುವುದು ನಿಜವಲ್ಲ. ಬೇಕಾದಷ್ಟು ಸಹಿಸಿದೆ.

ಉತ್ತರ ಕರ್ನಾಟಕದ ಹಲವು ಜಾತಿಗಳಲ್ಲಿ ಉಡಿಕೆ ಅಂತ ಇತ್ತು, ಕೆಲವು ಕಡೆ ಕೂಡಿಕೆ ಅನ್ನುತ್ತಿದ್ದರು. ಗಂಡ ಸತ್ತವಳು, ಗಂಡನನ್ನು ಬಿಟ್ಟವಳು ಇನ್ನೊಬ್ಬನ ಜೊತೆ ಬದುಕು ಕಟ್ಟಿಕೊಳ್ಳುವ ದಾರಿ ಅದು. ಚಪ್ಪರವಿಲ್ಲ, ವಾದ್ಯವಿಲ್ಲ, ಹೊಸ ಸೀರೆ ಕೊಟ್ಟು ಹಿರಿಯರ ಎದುರು ಒಪ್ಪಿಸಿದರೆ ಮುಗಿಯಿತು. ಪೂರ್ತಿ ಮದುವೆಯ ಮರ್ಯಾದೆ ಇರಲಿಲ್ಲ, ಶುಭಕಾರ್ಯದಲ್ಲಿ ಆ ಹೆಂಗಸು ಮುತ್ತೈದೆಯರ ಸಾಲಿನಲ್ಲಿ ಮುಂದೆ ನಿಲ್ಲುವ ಹಾಗಿರಲಿಲ್ಲ. ಆದರೂ ಊರು ಅವಳನ್ನು ಹೊರಗೆ ಹಾಕಲಿಲ್ಲ. ನಾಲ್ಕು ಜನರ ಸಾಕ್ಷಿ ಇತ್ತು, ಬದುಕಿದಳು.

ಮಲಬಾರಿನ ಕತೆ ಇನ್ನೂ ಸ್ವಾರಸ್ಯ. ನಾಯರ್ ಮನೆತನಗಳಲ್ಲಿ ಸಂಬಂಧಂ ಅನ್ನುವ ಪದ್ಧತಿ. ಹೆಣ್ಣು ತನ್ನ ತರವಾಡಿನಲ್ಲೇ, ಅಂದರೆ ತಾಯಿಯ ಕಡೆಯ ಕೂಡುಮನೆಯಲ್ಲೇ ಇರುತ್ತಾಳೆ, ಗಂಡು ಬಂದು ಹೋಗುತ್ತಾನೆ, ಬೇಡ ಅನ್ನಿಸಿದರೆ ಯಾರು ಬೇಕಾದರೂ ಮುಗಿಸಬಹುದು. ಮಕ್ಕಳು ತಾಯಿಯ ಮನೆಯವರು, ಹಾಗಾಗಿ ಅನ್ನಕ್ಕೆ, ಹೆಸರಿಗೆ ಕೊರತೆಯಿಲ್ಲ. ಬ್ರಿಟಿಷರ ಕೋರ್ಟುಗಳು ಇದನ್ನು ಮದುವೆ ಅಂತ ಒಪ್ಪಲಿಲ್ಲ. 1891ರಲ್ಲಿ ಇದಕ್ಕೆ ಒಂದು ಆಯೋಗವಾಯಿತು. ಅದರ ಸದಸ್ಯರಲ್ಲಿ ಒಬ್ಬರಾದ ಓ. ಚಂದು ಮೇನೋನ್ ತಕರಾರು ಎತ್ತಿದರು, ಸಂಬಂಧಂ ಕೂಡ ಮದುವೆಯೇ ಅಂತ. 1896ರಲ್ಲಿ ಕಾನೂನು ಬಂತು, ಬೇಕಾದವರು ಹೋಗಿ ನೋಂದಾಯಿಸಬಹುದು ಅಂತಾಯಿತು. ಹೋದವರು ತೀರಾ ಕಡಿಮೆ. ನಮ್ಮ ತುಳುನಾಡಿನ ಅಳಿಯಸಂತಾನದಲ್ಲೂ ಮನೆತನ ತಾಯಿಯ ಕಡೆಯಿಂದ ಹರಿಯುತ್ತಿತ್ತು. ಆಸ್ತಿ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಯಾವ ಸಂಬಂಧ ಮಾನ, ಯಾವುದು ಅವಮಾನ ಅನ್ನುವುದೂ ಬದಲಾಗುತ್ತದೆ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಪಾಠ.

ಜಾರ್ಖಂಡಿನ ಬುಡಕಟ್ಟು ಹಳ್ಳಿಗಳಲ್ಲಿ ಢುಕು ಅನ್ನುವ ಸ್ಥಿತಿ ಇದೆ. ಮದುವೆಯಾದರೆ ಊರಿಗೆಲ್ಲ ಊಟ ಹಾಕಬೇಕು. ಅಷ್ಟು ದುಡ್ಡಿಲ್ಲ. ಹಾಗಾಗಿ ಸುಮ್ನೆ ಜೊತೆಗಿರಲು ಶುರು ಮಾಡುತ್ತಾರೆ. ಮಕ್ಕಳಾಗುತ್ತವೆ, ಮೊಮ್ಮಕ್ಕಳಾಗುತ್ತವೆ, ಊಟ ಮಾತ್ರ ಬಾಕಿ. ಆ ಊಟ ಬಾಕಿ ಇರುವವರೆಗೆ ಹೆಂಗಸಿಗೆ ಪೂರ್ತಿ ಸೊಸೆಯ ಸ್ಥಾನವಿಲ್ಲ, ಜಮೀನಿನ ಹಕ್ಕಿನಲ್ಲಿ ತಕರಾರು, ಸತ್ತರೆ ಊರಿನ ಸ್ಮಶಾನದಲ್ಲಿ ಜಾಗ ಸಿಗುವುದೂ ಕಷ್ಟ. ಅಲ್ಲಿ ಸಾಮೂಹಿಕ ವಿವಾಹ ಮಾಡಿಸಿದಾಗ ಅಜ್ಜ ಅಜ್ಜಿ ವಯಸ್ಸಿನವರೂ ತಮ್ಮ ಮಕ್ಕಳ ಜೊತೆಗೇ ಹಸೆಮಣೆ ಏರಿದ್ದುಂಟು. ಮದುವೆಯಿಲ್ಲದೆ ಜೊತೆಗಿರುವುದು ದುಡ್ಡಿರುವ ಪಟ್ಟಣದವರ ಶೋಕಿ ಅನ್ನುವವರು ಇದನ್ನು ಕೇಳಬೇಕು. ನಮ್ಮಲ್ಲಿ ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿರುವುದರ ಹಿಂದೆಯೂ ಇದೇ ಖರ್ಚಿನ ಭಯ ಇದೆ.

ಇನ್ನು ಊರಿನ ದೊಡ್ಡ ಮನುಷ್ಯರ 'ಚಿಕ್ಕಮನೆ'. ಇಲ್ಲಿ ಕೂತಿರುವ ಹಿರಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿ ಒಂದು ಮನೆಯಲ್ಲಿ, ಇನ್ನೊಬ್ಬಳು ಇನ್ನೊಂದು ಬೀದಿಯಲ್ಲಿ. ಊರಿಗೆಲ್ಲ ಗೊತ್ತು. ಆತನೇ ದೇವಸ್ಥಾನದ ಧರ್ಮದರ್ಶಿ, ಆತನೇ ಪಂಚಾಯ್ತಿ ಮಾಡುವವನು. ಆಗ ಯಾರೂ ಸಂಸ್ಕೃತಿ ಹಾಳಾಯಿತು ಅನ್ನಲಿಲ್ಲ. ಬೈಗುಳವೆಲ್ಲ ಹೆಂಗಸಿನ ಪಾಲಿಗೆ, ಅವಳ ಮಕ್ಕಳ ಪಾಲಿಗೆ. ದೇವದಾಸಿ ಪದ್ಧತಿಯಂತೂ ದೇವರ ಹೆಸರಿನಲ್ಲೇ ನಡೆಯಿತು. ಅದನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ ಕಾನೂನು ಮಾಡಬೇಕಾಯಿತು. ಆ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ ಬಿಟ್ಟು ಬೆಳೆದರು.

ಹಾಗಾದರೆ ಈಗ ಯಾಕೆ ಇಷ್ಟು ಸಿಟ್ಟು? ನಾನು ಕಂಡ ಹಾಗೆ ಜನರಿಗೆ ಜಾಸ್ತಿ ಕಷ್ಟವಾಗುವುದು ತಾಳಿ ಇಲ್ಲದಿರುವುದಲ್ಲ. ಹುಡುಗಿ ತಾನೇ ಆರಿಸಿಕೊಂಡಳು ಅನ್ನುವುದು. ಜಾತಿ ಕೇಳದೆ ಆರಿಸಿಕೊಂಡಳು, ಬೇಡವಾದರೆ ಹೊರಗೆ ಬರುತ್ತೇನೆ ಅಂತಲೂ ಹೇಳಿದಳು. ಇದು ಗಂಡಿನ ಚಿಕ್ಕಮನೆಗಿಂತ ದೊಡ್ಡ ಅಪರಾಧವಾಗಿ ಕಾಣುತ್ತದೆ. ಬೇರೆ ಜಾತಿಯವನನ್ನು ಶಾಸ್ತ್ರೋಕ್ತವಾಗಿ ಮದುವೆಯಾದ ಹುಡುಗಿಯರನ್ನೂ ಮನೆಯವರು ಕೊಂದಿದ್ದಾರೆ. ಅಲ್ಲಿ ತಾಳಿ ಇತ್ತು, ಮಂತ್ರ ಇತ್ತು. ಕೊಲೆ ತಪ್ಪಲಿಲ್ಲ. 12ನೇ ಶತಮಾನದ ಕಲ್ಯಾಣವನ್ನೇ ನೆನಪಿಸಿಕೊಳ್ಳಿ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು ಮದುವೆಯೇ ಆಗಿದ್ದರು. ಆದರೂ ಇಬ್ಬರ ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತು ಅಂತ ನಮ್ಮ ಪರಂಪರೆ ಹೇಳುತ್ತದೆ.

ಎಷ್ಟೋ ಜೋಡಿ ಮದುವೆ ಬೇಡ ಅಂತ ಜೊತೆಗಿಲ್ಲ, ಮದುವೆ ಆಗಲು ಆಗದೆ ಜೊತೆಗಿದ್ದಾರೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಗೆ ಮುಂಚೆ 30 ದಿನದ ನೋಟಿಸು ಹಾಕಬೇಕು. ಅಷ್ಟರಲ್ಲಿ ಸುದ್ದಿ ಊರಿಗೆ ಮುಟ್ಟುತ್ತದೆ, ಅಣ್ಣಂದಿರು ಗಾಡಿ ಹತ್ತುತ್ತಾರೆ. ಒಂದೇ ಲಿಂಗದ ಜೋಡಿಗಳಿಗೆ ಅಕ್ಟೋಬರ್ 2023ರಲ್ಲಿ ಸುಪ್ರೀಂ ಕೋರ್ಟ್ ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಅವರು ಎಷ್ಟೇ ಪ್ರೀತಿಯಿಂದ, ಎಷ್ಟೇ ವರ್ಷ ಬಾಳಿದರೂ ಕಾನೂನಿನ ಕಣ್ಣಿನಲ್ಲಿ ಮದುವೆಯಾಗದವರೇ. ಇವರಿಗೆಲ್ಲ 'ಮದುವೆ ಆಗಿ ಬನ್ನಿ' ಅಂದರೆ ಏನರ್ಥ?

ಈಗ ಕಾನೂನಿಗೆ ಬರೋಣ. ವಯಸ್ಕರಿಬ್ಬರು ಮದುವೆಯಾಗದೆ ಜೊತೆಗಿರುವುದು ಅಪರಾಧವಲ್ಲ. ಇದನ್ನು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು. ಮದುವೆಗೆ ಮುಂಚಿನ ಸಂಬಂಧದ ಬಗ್ಗೆ 2005ರಲ್ಲಿ ಪತ್ರಿಕೆಯೊಂದಕ್ಕೆ ಆಡಿದ ಮಾತಿಗೆ ನಟಿ ಖುಷ್ಬೂ ಮೇಲೆ ಇಪ್ಪತ್ತಕ್ಕೂ ಹೆಚ್ಚು ದೂರು ಬಿದ್ದಿದ್ದವು. 2010ರಲ್ಲಿ ಅವನ್ನೆಲ್ಲ ರದ್ದು ಮಾಡುವಾಗ ಕೋರ್ಟ್ ಮತ್ತೆ ಅದೇ ಮಾತು ಹೇಳಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಹೆಮ್ಮೆಯ ವಿಷಯ.

ಅಪರಾಧವಲ್ಲ, ಸರಿ. ರಕ್ಷಣೆ? ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಹೆಂಡತಿಗೆ ಮಾತ್ರವಲ್ಲ, ಮದುವೆಯಂಥ ಸಂಬಂಧದಲ್ಲಿ ಒಂದೇ ಮನೆಯಲ್ಲಿ ಬಾಳಿದ ಹೆಂಗಸಿಗೂ ಅದು ಅನ್ವಯಿಸುತ್ತದೆ. ಹೊಡೆತ ಬಡಿತದಿಂದ ರಕ್ಷಣೆ, ಮನೆಯಲ್ಲಿ ಇರುವ ಹಕ್ಕು, ಜೀವನಕ್ಕೆ ಹಣ, ಎಲ್ಲ ಕೇಳಬಹುದು. ಆದರೆ ಯಾವುದು ಮದುವೆಯಂಥ ಸಂಬಂಧ? 2010ರಲ್ಲಿ ಇನ್ನೊಂದು ತೀರ್ಪಿನಲ್ಲಿ ಕೋರ್ಟ್ ಅಳತೆ ಹೇಳಿತು. ಇಬ್ಬರಿಗೂ ಮದುವೆಯ ವಯಸ್ಸಾಗಿರಬೇಕು, ಬೇರೆ ಮದುವೆ ಆಗಿರಬಾರದು, ಸಾಕಷ್ಟು ಕಾಲ ತಾವಾಗಿ ಜೊತೆಗಿರಬೇಕು, ಸಮಾಜದ ಎದುರು ಗಂಡ ಹೆಂಡಿರ ಹಾಗೇ ಕಾಣಿಸಿಕೊಂಡಿರಬೇಕು.

ಈ ಕೊನೆಯ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಜೋಡಿಯನ್ನು ಯೋಚಿಸಿ. ಬ್ರೋಕರ್ ಮೊದಲೇ ಹೇಳುತ್ತಾನೆ, 'ಫ್ಯಾಮಿಲಿಗೆ ಮಾತ್ರ ಸಾರ್'. ಓನರ್ ಮದುವೆ ಫೋಟೋ ಕೇಳುತ್ತಾರೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನವರು ಗೇಟಿನಲ್ಲೇ ಯಾರು ಏನು ಅಂತ ವಿಚಾರಿಸುತ್ತಾರೆ. ಹಾಗಾಗಿ ಇವರು ಅಣ್ಣ ತಂಗಿ ಅನ್ನುತ್ತಾರೆ, ದೂರದ ಸಂಬಂಧಿ ಅನ್ನುತ್ತಾರೆ, ಅಗ್ರಿಮೆಂಟ್ ಹುಡುಗನ ಹೆಸರಿನಲ್ಲಿ ಮಾತ್ರ ಮಾಡಿಸುತ್ತಾರೆ. ಅಡ್ವಾನ್ಸಿನಲ್ಲಿ ಅರ್ಧ ಹುಡುಗಿ ಕೊಟ್ಟಿರುತ್ತಾಳೆ, ರಸೀದಿ ಇಲ್ಲ. ಊರಿನಿಂದ ಅಪ್ಪ ಅಮ್ಮ ಬಂದರೆ ಒಬ್ಬರು ಗೆಳೆಯರ ಮನೆಗೆ ಹೋಗುತ್ತಾರೆ. ನಾಲ್ಕೈದು ವರ್ಷ ಹೀಗೇ ನಡೆದು, ಒಂದು ದಿನ ಅವನು ಬೀಗ ಬದಲಾಯಿಸಿಬಿಟ್ಟರೆ, ಕೋರ್ಟಿನಲ್ಲಿ ನಾನು ಏನು ತೋರಿಸಲಿ? ಸಮಾಜ ಬಾಯಿ ಮುಚ್ಚಿಸಿ ಅವರನ್ನು ಬಚ್ಚಿಟ್ಟಿತು. ಕಾನೂನು 'ಸಮಾಜದ ಎದುರು ಕಾಣಿಸಿಕೊಂಡಿದ್ದೀರಾ' ಅಂತ ಕೇಳುತ್ತದೆ. ನಡುವೆ ಸಿಕ್ಕಿಹಾಕಿಕೊಂಡವಳು ಆ ಹುಡುಗಿ. ಮನೆ ಓನರುಗಳು, ಅಸೋಸಿಯೇಷನ್ನಿನವರು ತಾವು ನೀತಿ ಕಾಯುತ್ತಿದ್ದೇವೆ ಅಂದುಕೊಂಡಿದ್ದಾರೆ. ಅವರು ಅಳಿಸಿ ಹಾಕುತ್ತಿರುವುದು ಅವಳ ಸಾಕ್ಷಿಯನ್ನು.

ಬೆಂಗಳೂರಿನದೇ ಒಂದು ಕೇಸು 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಮದುವೆಯಾಗಿ ಮಕ್ಕಳಿದ್ದ ಗಂಡಸಿನ ಜೊತೆ ಒಬ್ಬ ಹೆಂಗಸು ವರ್ಷಗಟ್ಟಲೆ ಬಾಳಿದ್ದರು. ಕೆಳಗಿನ ಕೋರ್ಟ್ ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಡಿಸಿತ್ತು. ಹೈಕೋರ್ಟ್ ಅದನ್ನು ತೆಗೆದುಹಾಕಿತು, ಸುಪ್ರೀಂ ಕೋರ್ಟೂ ಒಪ್ಪಿತು. ಅವನಿಗೆ ಮದುವೆಯಾಗಿದೆ ಅಂತ ಗೊತ್ತಿದ್ದೇ ಹೋಗಿದ್ದರಿಂದ ಇದು ಮದುವೆಯಂಥ ಸಂಬಂಧ ಅಲ್ಲ ಅಂತ. ಅದೇ ತೀರ್ಪಿನಲ್ಲಿ ಜೊತೆಗಿರುವುದು ಅಪರಾಧವೂ ಅಲ್ಲ, ಪಾಪವೂ ಅಲ್ಲ ಅಂತಲೂ ಇದೆ. ಅಂಥ ಹೆಂಗಸರಿಗಾಗಿ ಸಂಸತ್ತು ಕಾನೂನು ಮಾಡಬೇಕು ಅಂತಲೂ ಇದೆ. ಆ ಗಂಡಸಿನ ಹೆಂಡತಿಯ ಕಷ್ಟವೂ ಕಷ್ಟವೇ, ಒಪ್ಪುತ್ತೇನೆ. ಆದರೂ ಕೊನೆಗೆ ಬರಿಗೈಯಲ್ಲಿ ಹೋದವರು ಯಾರು, ನಿಶ್ಚಿಂತೆಯಿಂದ ಹೋದವರು ಯಾರು ನೋಡಿ.

ಮಕ್ಕಳ ವಿಷಯದಲ್ಲಿ ಕೋರ್ಟುಗಳು ಜಾಸ್ತಿ ಉದಾರವಾಗಿವೆ. ದೀರ್ಘಕಾಲ ಗಂಡ ಹೆಂಡಿರ ಹಾಗೆ ಬಾಳಿದವರನ್ನು, ತದ್ವಿರುದ್ಧ ಸಾಕ್ಷಿ ಇಲ್ಲದಿದ್ದರೆ, ಮದುವೆಯಾದವರು ಅಂತಲೇ ಭಾವಿಸಬೇಕು ಅನ್ನುವುದು ಹಳೆಯ ನಿಯಮ. 1978ರ ಕೇಸೊಂದರಲ್ಲಿ ಐವತ್ತು ವರ್ಷ ಜೊತೆಗಿದ್ದವರ ಮದುವೆಯನ್ನು ಹೀಗೇ ಒಪ್ಪಿದರು. ಕೇರಳದ ಒಂದು ಆಸ್ತಿ ಪಾಲಿನ ಕೇಸಿನಲ್ಲಿ 2022ರಲ್ಲಿ ಇದೇ ನಿಯಮದ ಮೇಲೆ ಮಗನಿಗೆ ಪಾಲು ಸಿಕ್ಕಿತು.

ಉತ್ತರಾಖಂಡದ ವಿಷಯ ಯಾರಾದರೂ ಕೇಳೇ ಕೇಳುತ್ತೀರಿ. ಅಲ್ಲಿ ಜನವರಿ 2025ರಿಂದ ಏಕರೂಪ ನಾಗರಿಕ ಸಂಹಿತೆ ಜಾರಿಗೆ ಬಂದಿದೆ. ಜೊತೆಗಿರುವವರು ಒಂದು ತಿಂಗಳೊಳಗೆ ನೋಂದಣಿ ಮಾಡಿಸಬೇಕು. ಇಲ್ಲದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ ದಂಡ. ಮಾಹಿತಿ ಪೊಲೀಸ್ ಠಾಣೆಗೆ ಹೋಗುತ್ತದೆ. ಒಬ್ಬರಿಗೆ 21 ತುಂಬಿಲ್ಲದಿದ್ದರೆ ಅಪ್ಪ ಅಮ್ಮನಿಗೂ ತಿಳಿಸುತ್ತಾರೆ. ಒಳ್ಳೆಯದೂ ಇದೆ: ಮಗುವಿಗೆ ಪೂರ್ತಿ ಮಾನ್ಯತೆ, ಬಿಟ್ಟುಹೋದರೆ ಹೆಂಗಸು ಜೀವನಾಂಶ ಕೇಳಬಹುದು. ಆ ಒಳ್ಳೆಯದನ್ನು ಉಳಿಸಿಕೊಂಡು ಜೈಲು, ಠಾಣೆ ಎರಡನ್ನೂ ತೆಗೆದಿದ್ದರೆ ನಾನು ಸ್ವಾಗತಿಸುತ್ತಿದ್ದೆ. ಮನೆಯವರಿಂದ ಜೀವ ಉಳಿಸಿಕೊಂಡು ಬಂದ ಅಂತರ್ಜಾತಿ ಜೋಡಿಗೆ ಠಾಣೆಯಲ್ಲಿ ವಿಳಾಸ ಕೊಡು ಅನ್ನುವುದು ರಕ್ಷಣೆ ಹೇಗಾಗುತ್ತದೆ? ಸಾಕ್ಷಿಯಾಗಬೇಕಾದ ಸರ್ಕಾರ ಕಾವಲಿಗೆ ನಿಂತ ಹಾಗಾಯಿತು.

2022ರಲ್ಲಿ ದೆಹಲಿಯಲ್ಲಿ ಜೊತೆಗಿದ್ದ ಹುಡುಗಿಯ ಭೀಕರ ಕೊಲೆ ಬೆಳಕಿಗೆ ಬಂದಾಗ 'ಲಿವ್ ಇನ್ ಅಂದರೆ ಇದೇ ಗತಿ' ಅಂದವರು ಬಹಳ. ನನಗೆ ಆ ಮಾತು ಕೇಳಿ ಸಂಕಟವಾಯಿತು. ವರದಕ್ಷಿಣೆಗಾಗಿ ಸತ್ತ ಹೆಣ್ಣುಮಕ್ಕಳ ಕೊರಳಲ್ಲಿ ತಾಳಿ ಇರಲಿಲ್ಲವೇ? ಹೊಡೆಯುವವನನ್ನು ಬಿಟ್ಟು ಬರಲು ಹುಡುಗಿಗೆ ತವರಿನ ಬಾಗಿಲು ತೆರೆದಿರಬೇಕು. 'ನೀನೇ ಮಾಡಿಕೊಂಡದ್ದು, ನೀನೇ ಅನುಭವಿಸು' ಅಂತ ಬಾಗಿಲು ಹಾಕಿದರೆ ಅವಳು ಎಲ್ಲಿಗೆ ಬರಬೇಕು?

ಮಾತು ಮುಗಿದ ಮೇಲೆ ಒಬ್ಬ ತಾಯಿ ಕೇಳಿದ ಪ್ರಶ್ನೆ, ಅದರ ಉತ್ತರ ಇಲ್ಲೇ ಸೇರಿಸುತ್ತೇನೆ. 'ಮೇಡಂ, ನಮ್ಮ ಹುಡುಗಿ ಬೆಂಗಳೂರಿನಲ್ಲಿ ಹೀಗೇ ಇದ್ದಾಳೆ. ನನಗೆ ಇಷ್ಟವಿಲ್ಲ. ನಮ್ಮೆಜಮಾನ್ರಿಗೆ ಗೊತ್ತಿಲ್ಲ. ಏನು ಮಾಡಲಿ?'

ಅಮ್ಮಾ, ನಿಮಗೆ ಇಷ್ಟವಿಲ್ಲ ಅಂತ ಅವಳಿಗೆ ಹೇಳಿ, ಮುಚ್ಚಿಡಬೇಡಿ. ಆದರೆ ಹೋಗಿ ಆ ಮನೆಯಲ್ಲಿ ಎರಡು ದಿನ ಇದ್ದು ಬನ್ನಿ. ಆ ಹುಡುಗನ ಮನೆಯವರು ಯಾರು, ಅವನಿಗೆ ಮೊದಲೇ ಮದುವೆಯಾಗಿದೆಯಾ ಅಂತ ವಿಚಾರಿಸಿ. ಬಾಡಿಗೆ ಅಗ್ರಿಮೆಂಟಿನಲ್ಲಿ ಇಬ್ಬರ ಹೆಸರೂ ಇರಲಿ ಅಂತ ಮಗಳಿಗೆ ಹೇಳಿ. ಅಡ್ವಾನ್ಸು, ಬಾಡಿಗೆ, ಸಾಮಾನು, ಎಲ್ಲದಕ್ಕೂ ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ಅವನ ಸಾಲಕ್ಕೆ ಜಾಮೀನು ಸಹಿ ಬೇಡ. ಜೊತೆಗಾರ ಎಷ್ಟು ವರ್ಷ ಬಾಳಿದರೂ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಾರಸುದಾರ ಆಗುವುದಿಲ್ಲ, ಹಾಗಾಗಿ ಒಬ್ಬರಿಗೊಬ್ಬರು ಏನಾದರೂ ಬಿಡಬೇಕು ಅಂತಿದ್ದರೆ ಉಯಿಲು ಬರೆದಿಡಲಿ. ಅದಕ್ಕೆ ರಿಜಿಸ್ಟ್ರೇಷನ್ ಕಡ್ಡಾಯವಿಲ್ಲ, ಇಬ್ಬರು ಸಾಕ್ಷಿ ಸಹಿ ಮಾತ್ರ ಬೇಕೇ ಬೇಕು. ಹೊಡೆತ ಬಡಿತ ಅಂತ ಏನಾದರೂ ಕಿವಿಗೆ ಬಿದ್ದರೆ 181ಕ್ಕೆ ಫೋನ್ ಮಾಡಿ, ಇಲ್ಲವೇ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣಾಧಿಕಾರಿಯೂ ಅವರೇ. ದೂರು ಕೊಡಲು ಮದುವೆ ಸರ್ಟಿಫಿಕೇಟ್ ತೋರಿಸಬೇಕಾಗಿಲ್ಲ.